ಹಸಿರು ದವಡೆ

ದವಡೆಯ ವಯಸ್ಸು ಎರಡು ಸಾವಿರ ವರ್ಷ ಎಂದು ಊರು ಆಗಲೇ ತೀರ್ಮಾನಿಸಿಬಿಟ್ಟಿತ್ತು. ಪ್ರಯೋಗಾಲಯದ ಯಂತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ, ಅಷ್ಟರಲ್ಲಿ ವಸ್ತುಸಂಗ್ರಹಾಲಯದವರು 'ನಮ್ಮ ಮೊದಲ ಗಣಿಗಾರ' ಎಂದು ಒಂದು ಆಳೆತ್ತರದ ಫಲಕ ಬರೆಸಿ, ಬಣ್ಣ ಒಣಗಲೆಂದು ಬಾಗಿಲಿಗೆ ಒರಗಿಸಿಟ್ಟಿದ್ದರು.

ಅವರ ತಪ್ಪೂ ಅಲ್ಲ. ತಾಮ್ರದ ಬೆಟ್ಟದ ಹಳೆಯ ಗಣಿಯನ್ನು ಮತ್ತೆ ತೆರೆಯಲು ಹೊಸ ಕಂಪನಿಯವರು ನೀರು ಎತ್ತಿಸುತ್ತಿದ್ದರು. ಅರ್ಧ ಆಳಕ್ಕೆ ನೀರು ಇಳಿದಾಗ ಗಣಿಯೊಳಗೆ ಪಕ್ಕಕ್ಕೆ ಕೊರೆದ ಒಂದು ಗೂಡಿನಲ್ಲಿ ಕುಸಿದ ಬಂಡೆಗಳ ಅಡಿಯಿಂದ ಕೆಳದವಡೆಯ ತುಂಡೊಂದು ಹೊರಗೆ ಚಾಚಿಕೊಂಡಿತ್ತು. ತಾಮ್ರದ ನೀರು ಕುಡಿದು ಕುಡಿದು ಅದು ಪಾಚಿಗಿಂತ ಹಸಿರಾಗಿತ್ತು. ಪಕ್ಕದಲ್ಲೇ ಕೊಡಲಿಯಲ್ಲಿ ಒರಟಾಗಿ ಕೆತ್ತಿದ, ಮೇಲಿನ ಬಂಡೆಗೆ ಆಸರೆಯಾಗಿ ನಿಲ್ಲಿಸುವ ಮರದ ಊರುಗಂಬ. ನೋಡಿದವರಿಗೆಲ್ಲ ಯಾವುದೋ ಯುಗದ್ದು ಅನ್ನಿಸುವಂತಿತ್ತು.

ಕಂಬವೂ ದವಡೆಯೂ ಬಂದದ್ದು ಇದ್ದಿಲಕ್ಕನ ಮೇಜಿಗೆ. ಹಳೆಯ ವಸ್ತುಗಳ ಕಾಲ ಹೇಳುವುದು ಅವಳ ಕೆಲಸ. ಎಲ್ಲಿ ನೆಲ ಅಗೆದರೂ "ಇದ್ದಿಲು ಏನಾದ್ರೂ ಸಿಕ್ತಾ?" ಎಂದು ಮೊದಲು ಕೇಳುತ್ತಿದ್ದಳಾದ್ದರಿಂದ ಜೊತೆಯವರು ಇಟ್ಟ ಹೆಸರು ಅದು, ಈಗ ಚಹಾ ತರುವವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅದೇ. ಯಂತ್ರ ನೋಡಿಕೊಳ್ಳುವವನಿಗೆ ಮೌನಿ ಎಂದು ಹೆಸರಿಟ್ಟವಳು ಅವಳು. ಆ ಮನುಷ್ಯ ಒಂದು ಮಾತಾಡಬೇಕಾದರೆ ಮೊದಲು ಕನ್ನಡಕ ತೆಗೆದು ಒರೆಸುತ್ತಿದ್ದ.

ಅಂದು ಕನ್ನಡಕವನ್ನು ಎರಡು ಸಲ ಒರೆಸಿದ.

"ಕಂಬ ಸರಿ ಇದೆ. ಎರಡು ಸಾವಿರದ ಹತ್ತಿರ ಹತ್ತಿರ," ಎಂದ. "ಹಲ್ಲು ಸರಿ ಇಲ್ಲ."

"ಸರಿ ಇಲ್ಲ ಅಂದ್ರೆ?"

ಪರದೆಯನ್ನು ಅವಳ ಕಡೆ ತಿರುಗಿಸಿದ.

ಬದುಕಿರುವ ಎಲ್ಲದರ ಮೈಯಲ್ಲೂ ಒಂದು ಬಗೆಯ ಭಾರದ ಇಂಗಾಲ ಚೂರು ಇರುತ್ತದೆ. ಉಸಿರಿರುವವರೆಗೆ ಗಾಳಿಯಿಂದ, ಉಣ್ಣುವ ಕೂಳಿನಿಂದ ಅದು ತುಂಬುತ್ತಲೇ ಇರುತ್ತದೆ. ಸತ್ತ ಮೇಲೆ ತುಂಬುವವರಿಲ್ಲ. ತೂತುಬಿದ್ದ ಕೊಡದ ನೀರಿನಂತೆ ನಿಧಾನವಾಗಿ ಸೋರಿಹೋಗುತ್ತದೆ. ಎಷ್ಟು ಸೋರಿದೆ ಎಂದು ಅಳೆದರೆ ಸತ್ತು ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಕಂಬದ ಕೊಡ ಸೋರಿ ಇಳಿದಿತ್ತು. ಹಲ್ಲಿನ ಕೊಡದಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಅಷ್ಟೇ ಅಲ್ಲ, ಕಂಠ ದಾಟಿ ಮೇಲೆ ಉಕ್ಕುತ್ತಿತ್ತು.

ಹಾಗೆ ಉಕ್ಕುವುದಕ್ಕೆ ಒಂದೇ ಕಾರಣ. ಕಳೆದ ಶತಮಾನದ ನಡುವಿನಲ್ಲಿ ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದಾಗ ಲೋಕದ ಗಾಳಿಯಲ್ಲಿ ಆ ಇಂಗಾಲ ಹೆಚ್ಚು ಕಡಿಮೆ ಇಮ್ಮಡಿಯಾಯಿತು. ಪರೀಕ್ಷೆ ನಿಂತ ಮೇಲೆ ಮೆಲ್ಲಗೆ ಇಳಿಯುತ್ತ ಬಂತು. ಆ ಕಾಲದಲ್ಲಿ ಹುಟ್ಟಿ ಬೆಳೆದ ಎಲ್ಲರ ಹಲ್ಲಿನಲ್ಲೂ ಅದರ ಗುರುತಿದೆ, ಇದ್ದಿಲಕ್ಕನ ಹಲ್ಲಿನಲ್ಲೂ ಇದೆ.

"ಇವನು ಪುರಾತನ ಗಣಿಗಾರ ಅಲ್ಲ," ಎಂದಳು ಅವಳು. "ನಮ್ಮ ಕಾಲದವನು."

ಆ ಬೆಟ್ಟದಲ್ಲಿ ಅವಳ ಕಾಲದವನೊಬ್ಬ ಕಾಣೆಯಾಗಿದ್ದ. ಅವಳ ಚಿಕ್ಕಪ್ಪ.

ಅವಳು ಇನ್ನೂ ಅಕ್ಷರ ಕೂಡಿಸಿ ಓದುತ್ತಿದ್ದ ಕಾಲದ ಮಾತು. ಗಣಿಯಲ್ಲಿ ತಾಮ್ರ ಮುಗಿಯಿತೆಂದು ಹಳೆಯ ಕಂಪನಿ ಕೆಲಸ ನಿಲ್ಲಿಸಿತು. ಗಣಿಬಾವಿಯ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿಸಿದ್ದು ಅವಳ ಅಪ್ಪ. ಆತ ಅಲ್ಲಿ ಮೇಸ್ತ್ರಿ. ಅದೇ ದಿನದಿಂದ ಚಿಕ್ಕಪ್ಪ ಕಾಣಲಿಲ್ಲ. ಹಿಂದಿನ ಸಂಜೆ ಅಣ್ಣತಮ್ಮಂದಿರು ಅಂಗಳದಲ್ಲಿ ಕೂಗಾಡಿದ್ದನ್ನು ನೆರೆಯವರೆಲ್ಲ ಕೇಳಿದ್ದರು. ಚಿಕ್ಕಪ್ಪನಿಗೆ ಊರು ಬಿಟ್ಟು ಹೋಗಬೇಕಿತ್ತು, ಅಪ್ಪ ಬೇಡವೆಂದಿದ್ದ. "ಬೆಳಗಿನ ಬಸ್ಸು ಹತ್ತಿ ಹೋದ. ಕಣ್ಣಾರೆ ಕಂಡೆ," ಎಂದು ಅಪ್ಪ ಅಂದು ಹೇಳಿದ್ದನ್ನು ಇಂದಿಗೂ ಬದಲಿಸಿರಲಿಲ್ಲ. ಊರು ನಂಬಲಿಲ್ಲ. ಚಿಕ್ಕಮ್ಮನಂತೂ ನಂಬಲೇ ಇಲ್ಲ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹೇಳದೆ ಹೋಗುವ ಗಂಡ ಅಲ್ಲ ಅವನು ಎಂಬುದು ಅವಳ ಮಾತು. ಆದರೂ ತೌರಿಗೆ ಹೋಗದೆ ಅದೇ ಮನೆಯಲ್ಲಿ ಉಳಿದಳು. ಇದ್ದಿಲಕ್ಕನ ತಾಯಿ ತೀರಿಕೊಂಡ ಮೇಲೆ ಅವಳ ಜಡೆ ಹಾಕಿದವಳು, ಪರೀಕ್ಷೆಗೆ ಎಬ್ಬಿಸಿದವಳು, ಜ್ವರದಲ್ಲಿ ಹಣೆ ಹಿಡಿದವಳು ಚಿಕ್ಕಮ್ಮನೇ. ಭಾವನಿಗೆ ಊಟ ಬಡಿಸುತ್ತಿದ್ದಳು. ಮಾತು ಮಾತ್ರ ಎಷ್ಟು ಬೇಕೋ ಅಷ್ಟೇ.

ಇದ್ದಿಲಕ್ಕ ಪೊಲೀಸ್ ಇನ್ಸ್‌ಪೆಕ್ಟರಿಗೆ ತಾನೇ ಫೋನು ಮಾಡಿದಳು.

ಬಂದ ಇನ್ಸ್‌ಪೆಕ್ಟರ್ ಮೇಜಿನ ಮೇಲಿನ ಹಸಿರು ತುಂಡನ್ನು ನೋಡುತ್ತ ನಿಂತುಕೊಂಡೇ ಮಾತಾಡಿದ. ಮನುಷ್ಯ ದಪ್ಪ, ದನಿ ಮೆಲು.

"ಡಿಎನ್ಎ ಆಗಲ್ವಂತೆ. ತಾಮ್ರ ಎಲ್ಲ ಹಾಳು ಮಾಡಿದೆ ಅಂದ್ರು. ಮಿಕ್ಕ ಮೂಳೆ ಬಂಡೆ ಕೆಳಗಿದೆ, ಈಗಲೇ ಎತ್ತೋಕೆ ಹೋದ್ರೆ ಮೇಲಿನದೆಲ್ಲ ಬೀಳುತ್ತೆ. ಸತ್ತವನು ಗಂಡಸು, ವಯಸ್ಸು ಹದಿನೆಂಟರಿಂದ ಇಪ್ಪತ್ತೆಂಟರ ಒಳಗೆ ಅಂತ ಡಾಕ್ಟರು ಅಂದಿದ್ದಾರೆ. ಹುಟ್ಟಿದ್ದು ಯಾವಾಗ ಅಂತ ನೀವು ಹೇಳ್ತೀರಿ?"

"ಎರಡು ಉತ್ತರ ಇದೆ," ಎಂದಳು. "ಹಲ್ಲಿನ ಮೇಲಿನ ಬಿಳಿ ಕವಚ ಒಂದು ಸಲ ಗಟ್ಟಿಯಾದ್ರೆ ಸಾಯೋ ತನಕ ಬದಲಾಗಲ್ಲ. ಆ ವರ್ಷದ ಗಾಳಿ ಅದರೊಳಗೆ ಹಾಗೇ ಕೂತಿರುತ್ತೆ. ಈಗ ನೋಡಿದ್ದು ಮೊದಲ ದವಡೆ ಹಲ್ಲು, ಮೂರು ವರ್ಷದ ಹೊತ್ತಿಗೆ ಅದರ ಕವಚ ಪೂರ್ತಿಯಾಗುತ್ತೆ. ಆದ್ರೆ ಗಾಳಿಯ ಗೆರೆ ಒಂದು ಗುಡ್ಡದ ಥರ. ಹತ್ತುವಾಗಲೂ ಅದೇ ಎತ್ತರ ಸಿಗುತ್ತೆ, ಇಳಿಯುವಾಗಲೂ ಸಿಗುತ್ತೆ. ಹತ್ತುವ ಕಡೆಯದಾದ್ರೆ ಇವನು ಹುಟ್ಟಿದ್ದು ನಮ್ಮ ಚಿಕ್ಕಪ್ಪ ಹುಟ್ಟಿದ ಸುಮಾರಿಗೆ. ಇಳಿಯುವ ಕಡೆಯದಾದ್ರೆ ಹದಿನಾರು ವರ್ಷ ಆದಮೇಲೆ."

"ಯಾವ ಕಡೆ ಅಂತ ಹೇಗೆ ತಿಳಿಯೋದು?"

"ಗುಡ್ಡದ ನಡುವೆ ಒಬ್ಬ ಕಂಡ ಅನ್ನಿ. ಹತ್ತುತ್ತಿದ್ದಾನೋ ಇಳಿಯುತ್ತಿದ್ದಾನೋ ಗೊತ್ತಾಗಬೇಕಾದ್ರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ನೋಡ್ಬೇಕು. ಅದೇ ದವಡೇಲಿ ಬುದ್ಧಿಹಲ್ಲಿದೆ. ಅದರ ಕವಚ ಕಟ್ಟೋದು ಹನ್ನೆರಡರ ಸುಮಾರಿಗೆ. ಅದ್ರಲ್ಲಿ ಇಂಗಾಲ ಇನ್ನೂ ಜಾಸ್ತಿ ಇದ್ರೆ..."

"ನಿಮ್ಮ ಚಿಕ್ಕಪ್ಪ."

"ಹೂಂ. ಕಡಿಮೆ ಇದ್ರೆ ಬೇರೆ ಯಾರೋ."

ಇನ್ಸ್‌ಪೆಕ್ಟರ್ ಈಗ ಕುರ್ಚಿ ಎಳೆದು ಕುಳಿತ. "ನೋಡಿ, ಬಾವಿಗೆ ಮುಚ್ಚಳ ಹಾಕಿದ್ದು ನಿಮ್ಮಪ್ಪ. ಹೊಸಬರು ಕಟ್ ಮಾಡಿ ತೆಗೆಯೋ ತನಕ ಅದನ್ನ ಯಾರೂ ಮುಟ್ಟಿಲ್ಲ. ಅಂದಮೇಲೆ ಒಳಗಿದ್ದವನು ಮುಚ್ಚೋದಕ್ಕೆ ಮೊದಲೇ ಒಳಗಿದ್ದವನು. ಬೇರೆ ಯಾರೋ ಅನ್ನೋದು ಹೇಗೆ?"

"ಎರಡನೇ ಹಲ್ಲು ನಾನು ಮುಟ್ಟಲ್ಲ," ಎಂದಷ್ಟೇ ಹೇಳಿದಳು. "ಮೌನಿ ಮಾಡ್ತಾರೆ. ಆ ಕೋಣೆಗೆ ನಾನು ಕಾಲಿಡಲ್ಲ. ಅರ್ಧ ಹಲ್ಲು ನೀವೇ ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿ."

"ಅಲ್ಲಿ ಸಾಲು ಉದ್ದ ಇದೆಯಂತೆ. ತಿಂಗಳುಗಟ್ಟಲೆ."

"ಆದ್ರೂ ಕಳಿಸಿ."

ಊರ ಬಾಯಿಗೆ ಬೀಗ ಹಾಕುವವರಾರು? ಹಸಿರು ದವಡೆ ಮೇಸ್ತ್ರಿಯ ತಮ್ಮನದು ಎಂಬ ಸುದ್ದಿ ಅವಳು ಮನೆ ಮುಟ್ಟುವ ಮೊದಲೇ ಮುಟ್ಟಿತ್ತು. ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಹೊರಗೋಡೆಯ ಮೇಲೆ ಇದ್ದಿಲಿನಲ್ಲಿ 'ಕೊಲೆಗಾರ' ಎಂದು ದೊಡ್ಡದಾಗಿ ಬರೆದಿತ್ತು. ಅಪ್ಪ ಬಕೆಟ್ಟು, ಬಟ್ಟೆ ಹಿಡಿದು ಉಜ್ಜುತ್ತಿದ್ದ. ಉಜ್ಜಿದಷ್ಟೂ ಕಪ್ಪು ಹರಡುತ್ತಿತ್ತು.

"ಬಿಡಪ್ಪ, ನಾನು ಮಾಡ್ತೀನಿ."

"ಬರೆದವನ ಅಕ್ಷರ ಚೆನ್ನಾಗಿದೆ ಪುಟ್ಟಿ," ಎಂದ ಅಪ್ಪ, ತಿರುಗಿ ನೋಡದೆ. "ಕೊಂಬು, ದೀರ್ಘ ಎಲ್ಲ ಸರಿಯಾಗಿದೆ. ನಮ್ಮ ಶಾಲೇಲೇ ಓದಿದವನು ಇರ್ಬೇಕು." ನಗಲು ಹೋದ, ಕೆಮ್ಮು ಬಂತು.

ಒಳಗೆ ಚಿಕ್ಕಮ್ಮ ಒಲೆಯ ಮುಂದೆ ನಿಂತಿದ್ದಳು. ಭಾವನಿಗೆ ತಟ್ಟೆ ಇಡಲಿಲ್ಲ.

"ಚಿಕ್ಕಮ್ಮ, ಇನ್ನೂ ಏನೂ ಗೊತ್ತಾಗಿಲ್ಲ..."

"ನನಗೆ ಗೊತ್ತಾಗಿದೆ," ಎಂದಳು ಚಿಕ್ಕಮ್ಮ. ದನಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಬಿಡುಗಡೆ ಇತ್ತು. "ನನ್ನ ಬಿಟ್ಟು ಹೋಗಲಿಲ್ಲ ಅವರು. ಇಲ್ಲೇ ಇದ್ರು. ಇಷ್ಟು ವರ್ಷ ಇಲ್ಲೇ, ನಾವು ಉಂಡುಟ್ಟು ಓಡಾಡೋ ನೆಲದ ಕೆಳಗೆ."

ಇದ್ದಿಲಕ್ಕನಿಗೆ ಉಗುಳಲೂ ಆಗದ, ನುಂಗಲೂ ಆಗದ ಸ್ಥಿತಿ. ಸಂಖ್ಯೆ ಮೇಲೆ ಹೋದರೆ ಅಪ್ಪ ಜೈಲಿಗೆ. ಕೆಳಗೆ ಬಂದರೆ ಚಿಕ್ಕಮ್ಮನ ಕೈಯಿಂದ ಗಂಡನನ್ನು ಎರಡನೇ ಸಲ ಕಿತ್ತುಕೊಂಡಂತೆ.

ಕಾಣೆಯಾದವರ ಕಡತದಲ್ಲಿ ಇನ್ನೊಂದು ಹೆಸರಿತ್ತು. ಬೆಟ್ಟದ ಆ ಬದಿಯ ಬೀದಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮನ ಒಬ್ಬನೇ ಮಗ. ಮೀಸೆ ಈಗಷ್ಟೇ ದಪ್ಪವಾಗುತ್ತಿದ್ದ ವಯಸ್ಸಿನಲ್ಲಿ ಮನೆಯಿಂದ ಹೋದವನು ಬರಲಿಲ್ಲ. ಆದರೆ ಅದು ಗಣಿ ಮುಚ್ಚಿ ಹತ್ತು ವರ್ಷವಾದ ಮೇಲಿನ ಮಾತು. ಇನ್ಸ್‌ಪೆಕ್ಟರ್ ಕ್ರಮಕ್ಕೆ ಬೇಕೆಂದು ಆಕೆಗೂ ವಿಷಯ ತಿಳಿಸಿದ್ದ.

ಮೌನಿ ಎರಡನೇ ಹಲ್ಲನ್ನು ಯಂತ್ರಕ್ಕೆ ಹಾಕಿದ ದಿನ ಇಬ್ಬರು ಹೆಂಗಸರೂ ಕರೆಯದೆಯೇ ಪ್ರಯೋಗಾಲಯಕ್ಕೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕುಳಿತರು. ಚಿಕ್ಕಮ್ಮ ಒಂದು ತುದಿ, ಟೈಲರಮ್ಮ ಇನ್ನೊಂದು ತುದಿ. ಇದ್ದಿಲಕ್ಕ ಎದುರಿನ ಗೋಡೆಗೆ ಒರಗಿ ನಿಂತಳು. ಬಾಗಿಲ ಹಿಂದೆ ಪಂಪುಗಳು ಗುಂಯ್ ಎನ್ನುತ್ತಿದ್ದವು.

"ನಿಮ್ಮವರು ಆಗಿರಲಿ ಅಂತ ಬೇಡ್ಕೋತಿದ್ದೀನಿ," ಎಂದಳು ಟೈಲರಮ್ಮ ಇದ್ದಕ್ಕಿದ್ದಂತೆ. "ಕ್ಷಮಿಸಿ. ಹಾಗೆ ಅನ್ನಬಾರದು. ಆದ್ರೆ ನನ್ನ ಮಗ ಎಲ್ಲೋ ಚೆನ್ನಾಗಿದ್ದಾನೆ. ಮದುವೆಯಾಗಿದ್ದಾನೆ. ನನ್ನ ಮೇಲೆ ಕೋಪ, ಅಷ್ಟೇ."

"ನಾನೂ ಅದೇ ಬೇಡ್ಕೋತಿದ್ದೀನಿ," ಎಂದಳು ಚಿಕ್ಕಮ್ಮ.

ಟೈಲರಮ್ಮ ಬೆಚ್ಚಿ ಅವಳತ್ತ ನೋಡಿದಳು. ಆಮೇಲೆ ಅರ್ಥವಾಯಿತೇನೋ, ಬೆಂಚಿನ ಮೇಲೆ ಸರಿದು ಹತ್ತಿರ ಬಂದು ಕುಳಿತಳು.

ಬಾಗಿಲು ತೆರೆಯಿತು. ಮೌನಿಯ ಜೊತೆ ಇನ್ಸ್‌ಪೆಕ್ಟರೂ ಹೊರಬಂದ. ಮೌನಿ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಇದ್ದಿಲಕ್ಕನಿಗೆ ಆ ಬಟ್ಟೆಯ ತುಂಡನ್ನು ಕಿತ್ತು ಎಸೆಯಬೇಕೆನ್ನಿಸಿತು.

"ಕಡಿಮೆ," ಎಂದ.

"ಎಷ್ಟು ಕಡಿಮೆ?"

"ತುಂಬಾ. ಅನುಮಾನವೇ ಇಲ್ಲ. ಮೂರು ಸಲ ಅಳೆದೆ. ಇಳಿಯುವ ಕಡೆ."

ಅಪ್ಪ ಅಲ್ಲ ಎಂಬುದೊಂದೇ ಅವಳಿಗೆ ಮೊದಲು ಹೊಳೆದದ್ದು. ಮರುಕ್ಷಣವೇ ಬೆಂಚಿನ ಕಡೆ ನೋಡಲು ನಾಚಿಕೆಯಾಯಿತು.

ಮೊದಲು ಎದ್ದು ನಿಂತದ್ದು ಚಿಕ್ಕಮ್ಮ.

"ಏನು ಮಾಡಿದೆ ನೀನು?"

"ಚಿಕ್ಕಮ್ಮ, ನಾನು ಮುಟ್ಟಲೇ ಇಲ್ಲ."

"ಬಾವಿ ಮುಚ್ಚಿ ಹತ್ತು ವರ್ಷ ಆದಮೇಲೆ ಒಳಗೆ ಹೋದೋನು ಯಾರು? ಗಾಳಿ ಆಗಿ ಹೋದ್ನಾ, ಹೊಗೆ ಆಗಿ ಹೋದ್ನಾ? ಅಪ್ಪನ್ನ ಉಳಿಸ್ಕೋಬೇಕಾಗಿತ್ತು, ಉಳಿಸ್ಕೊಂಡೆ. ಅವರ ಹಲ್ಲನ್ನೇ ಅವರದಲ್ಲ ಅನ್ನಿಸಿಬಿಟ್ಟೆ. ಇದಕ್ಕೇನಾ ನಿನ್ನ ನಾನು ಓದಿಸಿದ್ದು?"

ಇದ್ದಿಲಕ್ಕ ಕೈ ಚಾಚಿದಳು. ಚಿಕ್ಕಮ್ಮ ಆ ಕೈಯನ್ನು ತಳ್ಳಿ ಹೊರಟೇಹೋದಳು. ಟೈಲರಮ್ಮ ಕುಳಿತಲ್ಲೇ ತಲೆ ಅಲ್ಲಾಡಿಸುತ್ತಿದ್ದಳು. "ಆ ಅಮ್ಮ ಹೇಳೋದೇ ಸರಿ. ಲೆಕ್ಕ ತಪ್ಪಿದೆ. ಮುಚ್ಚಿದ ಬಾವಿಗೆ ನನ್ನ ಮಗ ಹೇಗೆ ಹೋಗ್ತಾನೆ? ನಿಮ್ಮ ಮಿಷನ್ ಕೆಟ್ಟಿದೆ ತಾಯಿ, ಸರಿ ಮಾಡಿಸಿ."

ಇನ್ಸ್‌ಪೆಕ್ಟರ್ ಇದ್ದಿಲಕ್ಕನನ್ನು ಪಕ್ಕಕ್ಕೆ ಕರೆದ. "ಇವರ ಅಳತೆ ನಾನು ಕಣ್ಣಾರೆ ನೋಡಿದ್ದೀನಿ. ಆದ್ರೆ ನೋಡಿದ್ದು ಅರ್ಥ ಆಗ್ಬೇಕಲ್ಲ? ಹೊರಗೆ ಜನ ಏನಂತಾರೆ ಗೊತ್ತಾ? ಮಗಳ ಯಂತ್ರ, ಮಗಳ ಸ್ನೇಹಿತ, ಮಗಳಿಗೆ ಬೇಕಾದ ಉತ್ತರ. ಬೇರೆ ಕಡೆಯಿಂದ ಉತ್ತರ ಬರೋ ತನಕ ನಿಮ್ಮಪ್ಪ ಊರು ಬಿಡಬಾರದು. ನಾನು ಬಂಧಿಸದೆ ಇರೋದೇ ದೊಡ್ಡದು."

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಚಿಕ್ಕಮ್ಮ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಅಪ್ಪ ಅಂಗಡಿಗೆ ಹೋದರೆ ಸಾಲಿನಲ್ಲಿ ನಿಂತವರು ದೂರ ಸರಿಯುತ್ತಿದ್ದರು. ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಗಾಜಿಗೆ ಕಲ್ಲು ಬಿತ್ತು. ಅಪ್ಪ ಚೂರುಗಳನ್ನು ಮೊರಕ್ಕೆ ಗುಡಿಸುತ್ತ, "ನಾನೇ ಒಪ್ಕೊಂಡುಬಿಡ್ಲಾ ಪುಟ್ಟಿ?" ಎಂದ. "ಅವಳಿಗಾದ್ರೂ ನೆಮ್ಮದಿ ಆಗುತ್ತಲ್ಲ."

"ಮಾಡದೇ ಇರೋದನ್ನ ಒಪ್ಕೊಳ್ಳೋದಾ?"

"ನಾನು ಮುಚ್ಚಳ ಹಾಕೋ ಮೊದಲು ಕೆಳಗಿಳಿದು ಕೊನೇ ಗೂಡಿನ ತನಕ ನೋಡ್ದೆ. ಯಾರೂ ಇರ್ಲಿಲ್ಲ. ಆದ್ರೆ ಇಷ್ಟು ಜನ ಇಷ್ಟು ವರ್ಷ ಹೇಳಿದ್ರೆ ನಮ್ಮ ಕಣ್ಣಿನ ಮೇಲೆ ನಮಗೇ ಅನುಮಾನ ಬರುತ್ತೆ."

ಕೊನೆಯ ಗೂಡಿನ ತನಕ. ಅವಳು ಪೊರಕೆಯನ್ನು ಅಪ್ಪನ ಕೈಯಿಂದ ತೆಗೆದುಕೊಂಡಳು.

"ದವಡೆ ಸಿಕ್ಕ ಗೂಡಿನಲ್ಲಿ ಮರದ ಊರುಗಂಬ ಇತ್ತಾ?"

"ಮರದ್ದಾ? ನಮ್ಮಲ್ಲಿ ಎಲ್ಲ ಕಬ್ಬಿಣದ್ದು. ನಾನೇ ನಿಲ್ಲಿಸಿದ್ದು. ಆ ಗೂಡಿನ ಹಿಂದೆ ಬರೀ ಬಂಡೆ."

ಅವಳು ಬಸ್ಸಿಗೂ ಕಾಯದೆ ಪೊಲೀಸ್ ಠಾಣೆಗೆ ನಡೆದಳು. ಇಷ್ಟು ದಿನ ಎಲ್ಲರೂ ಹಲ್ಲಿನ ಹಿಂದೆ ಬಿದ್ದಿದ್ದರು, ಕಂಬವನ್ನು ಮರೆತಿದ್ದರು, ಅವಳೂ ಮರೆತಿದ್ದಳು. ಎರಡು ಸಾವಿರ ವರ್ಷದ ಕಂಬ. ಕಂಪನಿಯ ಬಾವಿಗೋ ನೂರು ವರ್ಷವೂ ಇಲ್ಲ.

"ಕಂಬ ನಿಲ್ಲಿಸಿದವರು ಕಂಪನಿಯ ಬಾವಿಯಿಂದ ಇಳಿದಿರಲಿಲ್ಲ ತಾನೇ?" ಎಂದಳು ಇನ್ಸ್‌ಪೆಕ್ಟರಿಗೆ, ಏದುಸಿರು ಬಿಡುತ್ತ. "ಆಗ ಬಾವಿಯೇ ಇರಲಿಲ್ಲ. ಅವರು ಬೇರೆ ಎಲ್ಲಿಂದಲೋ ಒಳಗೆ ಬಂದಿದ್ದಾರೆ. ಅವರದೇ ಒಂದು ಸುರಂಗ ಇದೆ. ನಡುವಿನ ಬಂಡೆ ಯಾವಾಗಲೋ ಕುಸಿದು ಎರಡೂ ಸೇರಿಕೊಂಡಿವೆ. ಕಂಬ ಬಂದ ದಾರೀಲೇ ಹುಡುಗನೂ ಬಂದಿರಬೇಕು."

ಇನ್ಸ್‌ಪೆಕ್ಟರ್ ಪೆನ್ನನ್ನು ಮೇಜಿನ ಮೇಲೆ ಉರುಳಿಸಿದ. "ಇನ್ನೊಂದು ಬಾಯಿ ಇದ್ದಿದ್ರೆ ಇಷ್ಟು ವರ್ಷದಲ್ಲಿ ಯಾರ ಕಣ್ಣಿಗೂ ಬೀಳಲಿಲ್ವಾ?"

"ಒಬ್ಬನ ಕಣ್ಣಿಗೆ ಬಿದ್ದಿತ್ತು. ಅವನ ತಾಯಿಯನ್ನ ಕೇಳೋಣ ಬನ್ನಿ."

ಟೈಲರಮ್ಮ ಮಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ಮಗ ಬೆಟ್ಟಕ್ಕೆ ಹೋಗುತ್ತಿದ್ದನೇ ಎಂದು ಇನ್ಸ್‌ಪೆಕ್ಟರ್ ಕೇಳಿದಾಗ, "ಯಾರು ಹೋಗ್ತಿರಲಿಲ್ಲ?" ಎಂದಳು. ಏನಾದರೂ ತರುತ್ತಿದ್ದನೇ ಎಂದು ಇದ್ದಿಲಕ್ಕ ಕೇಳಿದಳು. ಆಗ ಕಾಲು ನಿಂತಿತು. ಆಕೆ ಎದ್ದು ಹೋಗಿ ಕಿಟಕಿಯ ಕಟ್ಟೆಯಿಂದ ಒಂದು ಕಲ್ಲನ್ನು ತಂದು ಬಟ್ಟೆಯ ಮೇಲಿಟ್ಟಳು. ನವಿಲುಗರಿಯ ಹಸಿರು. ಒಂದು ಬದಿಯಲ್ಲಿ ಉಳಿಯ ಗೀರು.

"ಹಂದಿಬೆನ್ನು ಬಂಡೆಯ ಕೆಳಗಿಂದ ತಂದೆ ಅಂದಿದ್ದ," ಎಂದಳು. "ಬಾವಲಿಗಳು ಅಲ್ಲಿಂದ ಬರುತ್ತವಂತೆ. ಹೋಗಬೇಡ ಅಂತ ಬೈದಿದ್ದೆ."

ಮರುದಿನ ಬೆಳಗ್ಗೆ ಬೆಟ್ಟದ ಹಿಂಬದಿಗೆ ಜನ ಸೇರಿದರು. ಗಣಿ ಕಂಪನಿಯ ರಕ್ಷಣಾ ತಂಡದವರು ಹಗ್ಗ, ದೀಪ, ಗಾಳಿ ಪರೀಕ್ಷಿಸುವ ಪೆಟ್ಟಿಗೆ ತಂದಿದ್ದರು. ಹಂದಿಬೆನ್ನು ಬಂಡೆಯ ಕೆಳಗೆ ಮುಳ್ಳಿನ ಪೊದೆ ಆಳೆತ್ತರ ಬೆಳೆದಿತ್ತು. ಅದನ್ನು ಕಡಿದು ತೆಗೆದಾಗ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ತೆವಳಿ ಹೋಗುವಷ್ಟು ಬಿರುಕು ಕಂಡಿತು. ಒಳಗಿನಿಂದ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು.

ಟೈಲರಮ್ಮ ಒಂದು ಕಲ್ಲಿನ ಮೇಲೆ ಕುಳಿತಿದ್ದಳು. ಅಪ್ಪ ದೂರದಲ್ಲಿ, ಮರಕ್ಕೆ ಒರಗಿ. ಎಲ್ಲರಿಗಿಂತ ಹಿಂದೆ, ಸೆರಗನ್ನು ತೋಳಿಗೆ ಬಿಗಿಯಾಗಿ ಸುತ್ತಿಕೊಂಡು ಚಿಕ್ಕಮ್ಮನೂ ಬಂದಿದ್ದಳು. ಇದ್ದಿಲಕ್ಕನತ್ತ ನೋಡಲಿಲ್ಲ.

ತಂಡದ ಇಬ್ಬರು ಒಳಗೆ ತೆವಳಿದರು. ಹಗ್ಗ ಸರಸರನೆ ಹೋಗಿ, ಆಮೇಲೆ ನಿಧಾನವಾಗಿ, ಆಮೇಲೆ ಗೇಣು ಗೇಣಾಗಿ ಹೋಗಿ ನಿಂತಿತು. ರೇಡಿಯೋದಲ್ಲಿ ಬರೀ ಕರಕರ. ಇನ್ಸ್‌ಪೆಕ್ಟರ್ ಎರಡು ಸಲ ಕೂಗಿದ. ಉತ್ತರವಿಲ್ಲ. ಒಳಗೆಲ್ಲೋ ಕಲ್ಲು ಜಾರಿದ ಸದ್ದು ಕೇಳಿದಾಗ ಟೈಲರಮ್ಮ ಎದ್ದು ನಿಂತಳು. "ಅವರನ್ನ ಹೊರಗೆ ಕರೀರಿ," ಎಂದಳು. "ಅವರ ತಾಯಂದಿರೂ ಇರ್ತಾರೆ. ಕರೀರಿ."

ಕರಕರದ ನಡುವೆ ಒಂದು ದನಿ ಒಡೆದು ಬಂತು. "ಗೋಡೆ ತುಂಬ ಉಳಿಯ ಗುರುತು. ಹಳೇ ಸುರಂಗ. ಮರದ ಕಂಬಗಳಿವೆ, ಮೂರೋ ನಾಲ್ಕೋ... ಮುಂದೆ ನೆಲ ಕುಸಿದಿದೆ. ಕೆಳಗೆ ನಮ್ಮ ಪಂಪಿನ ದೀಪ ಕಾಣ್ತಿದೆ."

ಇನ್ಸ್‌ಪೆಕ್ಟರ್ ಇದ್ದಿಲಕ್ಕನ ಮುಖ ನೋಡಿದ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

ತೆವಳಿ ಹೊರಬಂದವನ ಮೈಯೆಲ್ಲ ಬಾವಲಿಯ ಹಿಕ್ಕೆ. ಕೈಯಲ್ಲಿ ಒಂದು ಚೀಲ. ಕುಸಿದ ಅಂಚಿನ ಈಚೆ, ಒಣ ಜಾಗದಲ್ಲಿ ಬಿದ್ದಿತ್ತಂತೆ. ಒಳಗೆ ತುಕ್ಕು ಹಿಡಿದ ಬ್ಯಾಟರಿ, ಎರಡು ಹಸಿರು ಕಲ್ಲು. ಚೀಲದ ಬಟ್ಟೆ ಮಾಸಿ ಮಣ್ಣಿನ ಬಣ್ಣವಾಗಿತ್ತು.

ಟೈಲರಮ್ಮ ಚೀಲವನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಅದರ ಹೊಲಿಗೆಯ ಮೇಲೆ ಬೆರಳು ಓಡಿಸಿದಳು. ಹಿಡಿಯ ಹತ್ತಿರ ಬೆರಳು ನಿಂತಿತು.

"ಅವರಪ್ಪನ ಹಳೇ ಪ್ಯಾಂಟು," ಎಂದಳು. "ಹಿಡಿ ಕಿತ್ತು ಬರುತ್ತೆ ಅಂತ ಇಲ್ಲಿ ಮೂರು ಸಾಲು ಹಾಕಿಕೊಟ್ಟೆ."

ಅವಳು ಅಳಲಿಲ್ಲ. ಇದ್ದಿಲಕ್ಕ ಅವಳ ಮುಂದೆ ಮಂಡಿಯೂರಿ ಕುಳಿತಳು.

"ಆ ಹಲ್ಲು," ಎಂದಳು ಟೈಲರಮ್ಮ, "ಯಾವ ವಯಸ್ಸಿಂದು ಅಂದಿರಿ ನೀವು? ಮೊದಲನೇದು?"

"ಮೂರು ವರ್ಷದ ಒಳಗಿನದು."

"ಆಗ ನನ್ನ ಕೈಯಿಂದಲೇ ಉಣ್ತಿದ್ದ. ಬೇರೆ ಯಾರು ಕೊಟ್ರೂ ಬಾಯಿ ತೆಗೀತಿರಲಿಲ್ಲ." ಚೀಲದ ಹಿಡಿ ಸವರುತ್ತ ಕೇಳಿದಳು, "ಹಾಗಾದ್ರೆ ನಾನು ಉಣಿಸಿದ್ದೇ ಅದರಲ್ಲಿರೋದು?"

"ಹೌದಮ್ಮ. ಅದೇ."

ಆಗ ಅವಳು ಚೀಲವನ್ನು ಮುಖಕ್ಕೆ ಒತ್ತಿಕೊಂಡಳು. ಹಿಂದಿನಿಂದ ಬಂದು ಅವಳ ಹೆಗಲು ಹಿಡಿದವಳು ಚಿಕ್ಕಮ್ಮ. ಹಿಡಿದ ಕೈ ಬಿಗಿಯಾಗಿತ್ತು, ಮುಖ ಕಲ್ಲಾಗಿತ್ತು. "ಅಳಿ," ಎಂದಳು. "ನಿಮಗೆ ಸಿಕ್ಕಿದಾನೆ. ಪುಣ್ಯವಂತೆ ನೀವು, ಅಳಿ." ಆ ಮಾತಿನಲ್ಲಿ ಸಮಾಧಾನ ಎಷ್ಟಿತ್ತು, ಹೊಟ್ಟೆಕಿಚ್ಚು ಎಷ್ಟಿತ್ತು ಎಂದು ಹೇಳಲು ಯಾವ ಯಂತ್ರವೂ ಸಾಲದು.

ಬೇರೆ ಊರಿನ ಪ್ರಯೋಗಾಲಯದ ಉತ್ತರ ಬರುವ ಹೊತ್ತಿಗೆ ಅದರ ಅಗತ್ಯ ಯಾರಿಗೂ ಇರಲಿಲ್ಲ. ಅದೂ ಮೌನಿಯ ಸಂಖ್ಯೆಯನ್ನೇ ಹೇಳಿತು. ಬಂಡೆಗಳನ್ನು ಜೋಪಾನವಾಗಿ ಎತ್ತಿ ಹುಡುಗನ ಉಳಿದ ಮೂಳೆಗಳನ್ನು ಹೊರತಂದರು. ಕಾಲ ಕೆಳಗಿನ ನೆಲ ಕುಸಿದು, ಬಂಡೆಗಳ ಜೊತೆಗೇ ಕಂಪನಿಯ ಗೂಡಿಗೆ ಬಿದ್ದಿದ್ದ. ತಲೆಗೆ ಬಿದ್ದ ಪೆಟ್ಟಿನಿಂದ ಕೂಡಲೇ ಪ್ರಾಣ ಹೋಗಿರಬೇಕು ಎಂದರು ಡಾಕ್ಟರು. ಟೈಲರಮ್ಮ ಆ 'ಕೂಡಲೇ' ಎಂಬ ಮಾತನ್ನು ಎರಡು ಸಲ ಹೇಳಿಸಿಕೊಂಡಳು.

ಆದರೆ ಚಿಕ್ಕಮ್ಮ ಬಿಡಲಿಲ್ಲ. ಬಾವಿಯ ತಳ ಇನ್ನೂ ನೀರಿನಲ್ಲಿದೆ, ಅಲ್ಲಿ ನೋಡಿಲ್ಲ ಎಂದಳು. ಅಪ್ಪನೂ ಅದನ್ನೇ ಹೇಳಿದ. "ಪೂರ್ತಿ ಎತ್ತಿಸಿ ಸಾರ್. ತಳ ಕಾಣೋವರೆಗೂ ಎತ್ತಿಸಿ. ನಾನು ನಿಂತು ನೋಡ್ತೀನಿ." ಕಂಪನಿಗೂ ನೀರು ಎತ್ತುವುದೇ ಬೇಕಿತ್ತು. ಪಂಪುಗಳು ಓಡಿದವು. ಭಾವ, ನಾದಿನಿ ಬಾವಿಯ ಬಾಯಿಯ ಎರಡು ಬದಿಗೆ ಸ್ಟೂಲು ಹಾಕಿಕೊಂಡು ದಿನವೂ ಕುಳಿತರು. ಪ್ರತಿ ಗೂಡು ಕಂಡಾಗಲೂ ಇಬ್ಬರೂ ಒಟ್ಟಿಗೆ ಎದ್ದು ಬಗ್ಗಿ ನೋಡುತ್ತಿದ್ದರು. ಕೊನೆಗೆ ತಳ ಕಂಡಿತು. ಕೆಸರು, ಮುರಿದ ಏಣಿ, ಒಂದು ತೂತು ಬಿದ್ದ ಹೆಲ್ಮೆಟ್ಟು. ಕೆಸರನ್ನೂ ಜರಡಿ ಹಿಡಿದರು. ಮನುಷ್ಯನ ಮೂಳೆ ಒಂದೂ ಇರಲಿಲ್ಲ.

ಅಂದು ಮನೆಗೆ ಬಂದ ಮೇಲೆ ಚಿಕ್ಕಮ್ಮ ಅಡುಗೆಮನೆಗೆ ಹೋಗಲಿಲ್ಲ. ಅಪ್ಪನ ಎದುರಿಗೆ ಕುರ್ಚಿ ಎಳೆದು ಕುಳಿತಳು. ಹಾಗೆ ಕುಳಿತದ್ದನ್ನು ಇದ್ದಿಲಕ್ಕ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಬಸ್ಸು ಹತ್ತಿದ್ದು ನೀವು ನೋಡಿದ್ರಿ."

"ಹೂಂ."

"ಕೈಯಲ್ಲಿ ಏನಿತ್ತು?"

"ಕಂದು ಬಣ್ಣದ ಪೆಟ್ಟಿಗೆ."

"ಒಬ್ಬರೇ ಇದ್ರಾ?"

"ಒಬ್ಬನೇ."

"ನಿಮ್ಮನ್ನ ನೋಡಿದ್ರಾ? ತಿರುಗಿ... ಮನೆ ಕಡೆಗೆ ತಿರುಗಿ ನೋಡಿದ್ರಾ ಭಾವ?"

ಹೌದು ಅನ್ನಪ್ಪಾ ಎಂದು ಇದ್ದಿಲಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಒಂದು ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ, ಹೌದು ಅನ್ನು.

ಅಪ್ಪ ಹೆಗಲಿನ ಟವೆಲು ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಂಡ. "ಇಲ್ಲಮ್ಮ," ಎಂದ ಕೊನೆಗೆ. "ನೋಡಲಿಲ್ಲ."

ಚಿಕ್ಕಮ್ಮ ತಲೆಯಾಡಿಸಿದಳು. "ಸುಳ್ಳು ಹೇಳೋಕೆ ಬರಲ್ಲ ನಿಮಗೆ," ಎಂದಳು. "ಅವತ್ತೂ ಬರ್ತಿರಲಿಲ್ಲ. ನಾನು ನಂಬಬೇಕಾಗಿತ್ತು."

"ನನ್ನ ಮಾತು ಸುಳ್ಳಾಗಿದ್ರೇ ಚೆನ್ನಾಗಿತ್ತು ಕಣಮ್ಮ."

ಅವಳು ಎದ್ದು ಇದ್ದಿಲಕ್ಕನ ಬಳಿ ಬಂದಳು. ಕಾರಿಡಾರಿನಲ್ಲಿ ತಳ್ಳಿದ್ದ ಅದೇ ಕೈಯನ್ನು ಹಿಡಿದು ಮಣಿಕಟ್ಟನ್ನು ಒಮ್ಮೆ ಒತ್ತಿದಳು.

"ಬೇಕಾದ್ರೆ ಹುಡುಕಿಸೋಣ ಚಿಕ್ಕಮ್ಮ. ಇನ್ಸ್‌ಪೆಕ್ಟರು ಒಳ್ಳೆಯವರು. ಹಳೇ ಬಸ್ಸಿನ ದಾರಿ ಹಿಡಿದು..."

"ಬೇಡ. ಸತ್ತವರನ್ನ ಹುಡುಕೋಕೆ ಶಕ್ತಿ ಇತ್ತು. ಬದುಕಿರೋರು ಬೇಕಾದ್ರೆ ಅವರೇ ಬರ್ತಾರೆ. ಬಂದ್ರೆ ಬಾಗಿಲು ತೆಗೆಯೋದು, ಬಿಡೋದು ನನ್ನಿಷ್ಟ."

ಟೈಲರಮ್ಮನ ಮಗನನ್ನು ಮಣ್ಣು ಮಾಡಿದ್ದು ಆ ವಾರದ ಕೊನೆಯಲ್ಲಿ. ಬೆಟ್ಟದ ಎರಡೂ ಬದಿಯ ಜನ ಬಂದಿದ್ದರು. ಗೋಡೆಯ ಮೇಲೆ ಬರೆದವನೂ ಅವರಲ್ಲಿ ಇದ್ದಿರಬೇಕು. ಅಪ್ಪ ಗುಂಡಿಯ ಅಂಚಿನಲ್ಲಿ ನಿಂತು ಮಣ್ಣು ಜಾರದಂತೆ ಹಲಗೆ ಹಿಡಿದಿದ್ದ. ಯಾರೂ ಸರಿದು ನಿಲ್ಲಲಿಲ್ಲ. ಚಿಕ್ಕಮ್ಮ ಟೈಲರಮ್ಮನ ಸೊಂಟ ಬಳಸಿ ಹಿಡಿದುಕೊಂಡು, ಒಂದು ಹಿಡಿ ಮಣ್ಣನ್ನು ತಾನೇ ಬಗ್ಗಿ ಎತ್ತಿ, ಅವಳ ಅಂಗೈಯಲ್ಲಿಟ್ಟಳು.